ಕೋಟಿಂಗ್ ಇರುವ ಮಸೂರವೋ, ಸಾದಾ ಮಸೂರವೋ?

ಪ್ರಶ್ನೆ: ನನ್ನ ತಾಯಿಯವರಿಗೆ 66 ವರ್ಷ. ಬಹಳ ಕಾಲದಿಂದ ಸಕ್ಕರೆ ಕಾಯಿಲೆ ಇದೆ. ಬಲಗಣ್ಣಿನಲ್ಲಿ ಮೋತಿಬಿಂದು ಬಲಿತಿದೆ, ಆಪರೇಷನ್ ತಡಮಾಡಬೇಡಿ ಎಂದಿದ್ದಾರೆ. ಕಲಬುರಗಿಯ ಒಂದು ಆಸ್ಪತ್ರೆಯಲ್ಲಿ ತೋರಿಸಿದ ದರಪಟ್ಟಿಯಲ್ಲಿ ಮಡಚುವ ಮಸೂರಗಳಲ್ಲೇ ‘ಕೋಟೆಡ್’ ಮತ್ತು ‘ಪ್ಲೇನ್’ ಎಂದು ಎರಡು ಬಗೆ ಇದ್ದವು. ಬೆಲೆಯಲ್ಲಿ ಕೆಲವು ಸಾವಿರ ರೂಪಾಯಿಗಳ ವ್ಯತ್ಯಾಸ. ಕೋಟಿಂಗ್ ಇಲ್ಲದಿದ್ದರೆ ಮತ್ತೆ ಪೊರೆ ಬರುತ್ತದೆ ಎಂದು ಅಲ್ಲಿನ ಕೌನ್ಸೆಲರ್ ಹೇಳಿದರು. ನಮ್ಮ ಕಡೆಯ ಬಿಸಿಲಿಗೆ ಆ ಕೋಟಿಂಗ್ ಎರಡು ಬೇಸಿಗೆಯೂ ತಾಳುವುದಿಲ್ಲ ಎಂದು ನೆರೆಮನೆಯವರು ಹೇಳುತ್ತಾರೆ. ಮೂರು ವರ್ಷದ ಹಿಂದೆ ಇದೇ ಕಣ್ಣು ಕೆಂಪಾಗಿ, ಬೆಳಕು ನೋಡಲಾಗದೆ, ತಿಂಗಳುಗಟ್ಟಲೆ ಸ್ಟೀರಾಯ್ಡ್ ಹನಿ ಹಾಕಿಸಿದ್ದೆವು. ಅದು ವಾಸಿಯಾಗಿದೆ. ಯಾವ ಮಸೂರ ಹಾಕಿಸಲಿ?
– ಚಿತ್ತಾಪುರ ತಾಲೂಕಿನಿಂದ ಒಬ್ಬ ಓದುಗರು

ಉತ್ತರ: ನೀವು ಮಸೂರದ ಬಗ್ಗೆ ಹತ್ತು ಸಾಲು ಬರೆದು, ಕೊನೆಗೆ ಹೋಗುವ ಮಾತಿನಲ್ಲಿ ಹಳೆಯ ಕೆಂಪುಗಣ್ಣಿನ ಸಂಗತಿ ಸೇರಿಸಿದ್ದೀರಿ. ನನಗೆ ಅದೇ ಮುಖ್ಯವಾಗಿ ಕಂಡಿತು. ಬೆಳಕು ನೋಡಲಾಗದಂತೆ ಕಣ್ಣು ಕೆಂಪಾಗಿ, ಸ್ಟೀರಾಯ್ಡ್ ಹನಿಗೆ ತಿಂಗಳುಗಟ್ಟಲೆ ಕಾಲ ಬೇಕಾಯಿತು ಎಂದರೆ ಅದು ಕಣ್ಣಿನ ಒಳಗಿನ ಉರಿಯೂತ, ಅಂದರೆ ಯುವಿಯೈಟಿಸ್ ಆಗಿರುವ ಸಾಧ್ಯತೆ ಹೆಚ್ಚು. ಈ ವಿಷಯ ಈಗ ಆಪರೇಷನ್ ಮಾಡುವ ವೈದ್ಯರಿಗೆ ಗೊತ್ತಿದೆಯೇ? ಹಳೆಯ ಚೀಟಿಗಳಿದ್ದರೆ ತೋರಿಸಿದ್ದೀರಾ? ಇಲ್ಲವಾದರೆ ದರಪಟ್ಟಿಯನ್ನು ಬದಿಗಿಟ್ಟು ಮೊದಲು ಆ ಕೆಲಸ ಮಾಡಿ.

ಕೋಟಿಂಗ್ ಬಗ್ಗೆ ನೇರವಾಗಿಯೇ ಹೇಳುತ್ತೇನೆ. ಬೇರೆ ತೊಂದರೆ ಇಲ್ಲದ, ವಯಸ್ಸಿನಿಂದ ಬಂದ ಸಾಧಾರಣ ಮೋತಿಬಿಂದುವಿಗೆ ಕೋಟಿಂಗ್ ಇರುವ ಮಸೂರಕ್ಕಾಗಿ ಸಾಲ ಮಾಡುವ ಅಗತ್ಯ ಇಲ್ಲ. ನಿಮ್ಮ ತಾಯಿಯವರಂತೆ ಸಕ್ಕರೆ ಕಾಯಿಲೆಯೂ ಹಳೆಯ ಉರಿಯೂತವೂ ಇರುವ ಕಣ್ಣಿನಲ್ಲಿ ಒಂದು ಬಗೆಯ ಕೋಟಿಂಗ್‌ಗೆ ಸ್ವಲ್ಪ ಅರ್ಥವಿದೆ. ಅಲ್ಲಿಯೂ ಕೋಟಿಂಗ್‌ಗಿಂತ ಮಸೂರ ಯಾವ ವಸ್ತುವಿನದು, ಅದರ ಅಂಚು ಹೇಗಿದೆ, ಆಪರೇಷನ್ ವೇಳೆಗೆ ಕಣ್ಣು ಎಷ್ಟು ಶಾಂತವಾಗಿದೆ ಎಂಬುದರ ತೂಕ ಹೆಚ್ಚು.

ದರಪಟ್ಟಿಯಲ್ಲಿ ‘ಕೋಟೆಡ್’ ಎಂದಷ್ಟೇ ಬರೆದಿದ್ದರೆ ಅದರಿಂದ ಏನೂ ತಿಳಿಯುವುದಿಲ್ಲ. ಮಸೂರದ ಮೇಲೆ ಹೆಪಾರಿನ್ ಎಂಬ ಔಷಧಿಯ ಪದರ ಇರಬಹುದು. ಒಳಗೆ ನೀರು ಹಿಡಿಯುವ ವಸ್ತುವಿದ್ದು, ಮೇಲ್ಮೈ ಮಾತ್ರ ನೀರು ಸೇರಿಸದ ಗುಣದ್ದಾಗಿರಬಹುದು. ಮಸೂರಕ್ಕೆ ತುಸು ಹಳದಿ ಬಣ್ಣ ಇರಬಹುದು. ಅದು ಲೇಪನವೇ ಅಲ್ಲ, ವಸ್ತುವಿನೊಳಗೇ ಬೆರೆಸಿದ ಬಣ್ಣ, ಆದರೂ ಮಾತಿನಲ್ಲಿ ಕೋಟಿಂಗ್ ಎಂದೇ ಮಾರಾಟವಾಗುತ್ತದೆ. ಮಸೂರವನ್ನು ಕಣ್ಣಿನೊಳಕ್ಕೆ ತಳ್ಳುವ ಪ್ಲಾಸ್ಟಿಕ್ ನಳಿಕೆಯ ಒಳಮೈಗೂ ಜಾರಲೆಂದು ಒಂದು ಲೇಪನ ಇರುತ್ತದೆ. ನಳಿಕೆ ಆಪರೇಷನ್ ಮುಗಿದ ಕೂಡಲೇ ಕಸದ ಡಬ್ಬಿ ಸೇರುವ ವಸ್ತು. ಆದ್ದರಿಂದ ಕೌನ್ಸೆಲರ್ ಅವರನ್ನು ಹೀಗೆ ಕೇಳಿ: ಯಾವ ಪದರ, ಯಾವ ವಸ್ತುವಿನ ಮೇಲೆ, ಯಾವ ಮಾಡೆಲ್? ಉತ್ತರ ಬಾರದಿದ್ದರೆ ಮಸೂರದ ಖಾಲಿ ಡಬ್ಬಿ ತರಿಸಿ ತೋರಿಸಲು ಹೇಳಿ. ಸಂಕೋಚ ಬೇಡ. ತೊಗರಿ ಮಾರುವಾಗ ತೇವಾಂಶ ಎಷ್ಟು ಎಂದು ಅಡತಿ ಅಂಗಡಿಯಲ್ಲಿ ಜಗಳಾಡುವ ನಮ್ಮ ಜನ ಆಸ್ಪತ್ರೆಯ ಕೌಂಟರ್ ಮುಂದೆ ಮಾತ್ರ ಮೂಕರಾಗುತ್ತಾರೆ.

ಹೆಪಾರಿನ್ ಪದರದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ‘ಕೋಟೆಡ್’ ಎಂಬ ಹೆಸರಿಗೆ ನಿಜವಾಗಿ ಅರ್ಹವಾದದ್ದು ಅದೇ. ಕಣ್ಣಿನೊಳಗೆ ಕೃತಕ ಮಸೂರ ಇಡುವ ಪದ್ಧತಿ ಆರಂಭವಾದದ್ದು 1949ರ ನವೆಂಬರ್‌ನಲ್ಲಿ, ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ. ಮಾಡಿದವರು ಹೆರಾಲ್ಡ್ ರಿಡ್ಲಿ. ಎರಡನೇ ಮಹಾಯುದ್ಧದಲ್ಲಿ ವಿಮಾನದ ಗಾಜಿನಂಥ ಮೇಲ್ಛಾವಣಿ ಒಡೆದು ಪೈಲಟ್‌ಗಳ ಕಣ್ಣಿಗೆ ಹೊಕ್ಕ ಅಕ್ರಿಲಿಕ್ ಚೂರುಗಳು ಕಣ್ಣನ್ನು ಕೆರಳಿಸದೆ ಸುಮ್ಮನಿದ್ದುದನ್ನು ಅವರು ಗಮನಿಸಿದ್ದರು. ಅದೇ ಪಿಎಂಎಂಎ ವಸ್ತುವಿನಲ್ಲಿ ಮಸೂರ ಮಾಡಿಸಿದರು. ಅದಕ್ಕೆ ಯಾವ ಲೇಪನವೂ ಇರಲಿಲ್ಲ. ಅಲ್ಲಿಂದ ಇಲ್ಲಿಯವರೆಗೆ ಲೇಪನವಿಲ್ಲದ ಪಿಎಂಎಂಎ ಮಸೂರಗಳು ಲೆಕ್ಕವಿಲ್ಲದಷ್ಟು ಕಣ್ಣುಗಳಲ್ಲಿ ದಶಕಗಳ ಕಾಲ ಇದ್ದು ಕೆಲಸ ಮಾಡಿವೆ.

ಸುಮ್ಮನಿರುವ ವಸ್ತು ಎಂದರೂ ಕಣ್ಣಿಗೆ ಅದು ಹೊರಗಿನದೇ. ಆಪರೇಷನ್ ಆದ ಮೊದಲ ವಾರಗಳಲ್ಲಿ ಕಣ್ಣಿನೊಳಗೆ ಒಂದಿಷ್ಟು ಉರಿಯೂತ ಇದ್ದೇ ಇರುತ್ತದೆ. ಆಗ ಉರಿಯೂತದ ಕೋಶಗಳು ಮಸೂರದ ಮೇಲೆ ಬಂದು ಕೂರುತ್ತವೆ. ಸ್ಲಿಟ್ ಲ್ಯಾಂಪಿನಲ್ಲಿ ಹಿಗ್ಗಿಸಿ ನೋಡಿದರೆ ಸ್ವಚ್ಛವಾಗಿರಬೇಕಾದ ಮಸೂರದ ಮೈಮೇಲೆ ಸಣ್ಣ ಸಣ್ಣ ಚುಕ್ಕೆಗಳು ಕಾಣುತ್ತವೆ. ಹಲವು ಕೋಶಗಳು ಒಂದಾಗಿ ದೊಡ್ಡ ಗುಂಡು ಕಲೆಗಳಾಗಿರುವುದೂ ಉಂಟು. ಉರಿಯೂತ ಜೋರಾಗಿದ್ದರೆ ಫೈಬ್ರಿನ್ ಎಂಬ ಜೇಡರ ಬಲೆಯಂಥ ಪೊರೆಯೂ ಕಟ್ಟುತ್ತದೆ. ಸಾಮಾನ್ಯ ಕಣ್ಣಿನಲ್ಲಿ ಇದೆಲ್ಲ ಹನಿ ಔಷಧಿಗೆ ಕರಗಿ ಹೋಗುತ್ತದೆ. ಸಕ್ಕರೆ ಕಾಯಿಲೆ ಇರುವವರಲ್ಲಿ, ಯುವಿಯೈಟಿಸ್ ಆಗಿದ್ದವರಲ್ಲಿ, ಚಿಕ್ಕ ಮಕ್ಕಳಲ್ಲಿ ಇದು ಹೆಚ್ಚು.

ಇದಕ್ಕೆ ಉಪಾಯವಾಗಿ 1980ರ ದಶಕದಲ್ಲಿ ಸ್ವೀಡನ್ನಿನಲ್ಲಿ ಪಿಎಂಎಂಎ ಮಸೂರದ ಮೇಲೆ ಹೆಪಾರಿನ್ ಪದರವನ್ನು ರಾಸಾಯನಿಕ ಬಂಧದಿಂದ ಕೂರಿಸಿದರು. ಹೆಪಾರಿನ್ ಎಂದರೆ ರಕ್ತ ಹೆಪ್ಪುಗಟ್ಟದಂತೆ ಕೊಡುವ ಔಷಧಿ. ಡಯಾಲಿಸಿಸ್ ಮಾಡಿಸುವವರಿಗೆ ಈ ಹೆಸರು ಪರಿಚಿತ. ಮಸೂರದ ಮೇಲೆ ಅದು ಕೂತಾಗ ಮೇಲ್ಮೈ ನೀರನ್ನು ಸೆಳೆಯುವಂಥದ್ದಾಗುತ್ತದೆ, ಕೋಶಗಳಿಗೆ ಕಾಲೂರಲು ಜಾಗ ಸಿಗುವುದಿಲ್ಲ. ಲೇಪಿತ ಮತ್ತು ಸಾದಾ ಪಿಎಂಎಂಎ ಮಸೂರಗಳನ್ನು ಹೋಲಿಸಿದ ಪರೀಕ್ಷೆಗಳಲ್ಲಿ ಮೊದಲ ತಿಂಗಳುಗಳಲ್ಲಿ ಲೇಪಿತ ಮಸೂರದ ಮೇಲೆ ಇಂಥ ಚುಕ್ಕೆಗಳು ಕಡಿಮೆ ಕಂಡುಬಂದವು. ಇಲ್ಲಿಯವರೆಗೆ ಮಾರಾಟಗಾರರ ಮಾತು ಸರಿ.

ಅವರು ಹೇಳದೆ ಬಿಡುವುದು ಇದರ ಮುಂದಿನ ಭಾಗವನ್ನು. ಚುಕ್ಕೆಗಳು ಕಡಿಮೆಯಾದವು ಎಂಬುದಕ್ಕೂ ರೋಗಿ ಗೋಡೆಯ ಮೇಲಿನ ಅಕ್ಷರದ ಪಟ್ಟಿಯಲ್ಲಿ ಇನ್ನೆರಡು ಸಾಲು ಕೆಳಗೆ ಓದಿದರು ಎಂಬುದಕ್ಕೂ ಅಂತರವಿದೆ. ಉರಿಯೂತ ಹತೋಟಿಯಲ್ಲಿದ್ದ ಕಣ್ಣುಗಳಲ್ಲಿ ಕೊನೆಗೆ ಸಿಗುವ ದೃಷ್ಟಿಯಲ್ಲಿ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಅಲ್ಲದೆ ಈ ಹೋಲಿಕೆಗಳಲ್ಲಿ ಹೆಚ್ಚಿನವು ಗಟ್ಟಿಯಾದ ಹಳೆಯ ಪಿಎಂಎಂಎ ಕಾಲದವು. ಇಂದಿನ ಹೈಡ್ರೋಫೋಬಿಕ್, ಅಂದರೆ ನೀರು ಸೇರಿಸದ, ಅಕ್ರಿಲಿಕ್ ಮಸೂರಗಳು ಯಾವ ಲೇಪನವೂ ಇಲ್ಲದೆಯೇ ಉರಿಯೂತದ ಕಣ್ಣುಗಳಲ್ಲಿ ಚೆನ್ನಾಗಿ ಹೊಂದಿಕೊಳ್ಳುತ್ತವೆ. ಯುವಿಯೈಟಿಸ್ ಇದ್ದ ಕಣ್ಣಿಗೆ ಇಂಥದ್ದೇ ಮಸೂರ ಶ್ರೇಷ್ಠ ಎಂದು ಎದೆ ತಟ್ಟಿ ಹೇಳುವಷ್ಟು ಪುರಾವೆ ಜಗತ್ತಿನಲ್ಲಿ ಎಲ್ಲಿಯೂ ಇಲ್ಲ. ಹಾಗೆ ಯಾರಾದರೂ ಎದೆ ತಟ್ಟಿದರೆ ಅನುಮಾನಿಸಿ.

ಕೇಳದಿದ್ದರೂ ಒಂದು ಸಂಗತಿ ಹೇಳುತ್ತೇನೆ. ಔಷಧಿಯಾಗಿ ಬಳಸುವ ಹೆಪಾರಿನ್‌ನ ಬಹುಪಾಲು ಹಂದಿಯ ಕರುಳಿನ ಒಳಪದರದಿಂದ ತಯಾರಾಗುತ್ತದೆ. ಮಸೂರದ ಮೇಲಿರುವ ಪ್ರಮಾಣ ಅತ್ಯಲ್ಪ, ಅದರಿಂದ ದೇಹದ ರಕ್ತ ತೆಳುವಾಗುವುದಿಲ್ಲ, ಆಸ್ಪಿರಿನ್ ನುಂಗುವವರೂ ಹೆದರಬೇಕಿಲ್ಲ. ಆದರೆ ಶಾಕಾಹಾರಿ ಮನೆತನಗಳೂ ಮುಸ್ಲಿಂ ಮನೆತನಗಳೂ ಅಕ್ಕಪಕ್ಕ ಬಾಳುವ ಊರು ನಮ್ಮದು. ಇದನ್ನು ಮೊದಲೇ ತಿಳಿಸಿ ಅವರ ಇಷ್ಟ ಕೇಳುವುದು ವೈದ್ಯರ ಕೆಲಸ ಎಂದು ನಾನು ನಂಬಿದ್ದೇನೆ. ಹಿಂದೆ ಎಂದಾದರೂ ಹೆಪಾರಿನ್ ಕೊಟ್ಟಾಗ ಅಲರ್ಜಿಯಾಗಿದ್ದರೆ ಅದನ್ನೂ ತಪ್ಪದೆ ಹೇಳಿ.

ಇನ್ನು ಕೌನ್ಸೆಲರ್ ಹೇಳಿದ ‘ಮತ್ತೆ ಪೊರೆ ಬರುತ್ತದೆ’ ಎಂಬ ಮಾತು. ತೆಗೆದುಹಾಕಿದ ಪೊರೆ ಮತ್ತೆ ಬರುವುದಿಲ್ಲ. ಸಹಜ ಮಸೂರದ ತಿರುಳನ್ನು ತೆಗೆದು, ಅದನ್ನು ಸುತ್ತಿದ್ದ ತೆಳುವಾದ ಚೀಲವನ್ನು ಉಳಿಸಿಕೊಂಡು, ಅದರೊಳಗೆ ಕೃತಕ ಮಸೂರ ಇಡುತ್ತೇವೆ. ಚೀಲದ ಅಂಚಿನಲ್ಲಿ ಉಳಿದ ಕೆಲವು ಕೋಶಗಳು ಬೆಳೆಯುತ್ತಾ ಮಸೂರದ ಹಿಂಬದಿಗೆ ಹರಡಿದರೆ ಚೀಲದ ಹಿಂಗೋಡೆ ಮಸುಕಾಗುತ್ತದೆ. ಇದನ್ನೇ ಜನ ಎರಡನೇ ಪೊರೆ ಎನ್ನುತ್ತಾರೆ. ಇದನ್ನು ತಡೆಯುವುದರಲ್ಲಿ ದೊಡ್ಡ ಪಾತ್ರ ಮಸೂರದ ಅಂಚಿನದು. ಅಂಚು ದುಂಡಗಿದ್ದರೆ ಕೋಶಗಳು ನುಸುಳುತ್ತವೆ. ಹಿಂಬದಿಯ ಅಂಚು ಚೌಕವಾಗಿ, ಚೂಪಾಗಿ ಚೀಲಕ್ಕೆ ಒತ್ತಿ ಕೂತರೆ ಹೊಲದ ಬದುವಿನಂತೆ ಅಡ್ಡ ನಿಲ್ಲುತ್ತದೆ. ಎರಡನೆಯದು ವಸ್ತುವಿನ ಪಾತ್ರ: ನೀರು ಹಿಡಿಯುವ ಹೈಡ್ರೋಫಿಲಿಕ್ ಅಕ್ರಿಲಿಕ್‌ಗಿಂತ ಹೈಡ್ರೋಫೋಬಿಕ್ ಅಕ್ರಿಲಿಕ್‌ನಲ್ಲಿ ಎರಡನೇ ಪೊರೆ ಕಡಿಮೆ. ಹೆಪಾರಿನ್ ಪದರಕ್ಕೆ ಈ ವಿಷಯದಲ್ಲಿ ಹೇಳಿಕೊಳ್ಳುವಂಥ ಕೀರ್ತಿ ಇಲ್ಲ. ಅದು ಮಸೂರದ ಮೈಮೇಲೆ ಕೂರುವ ಉರಿಯೂತದ ಕೋಶಗಳಿಗೆ ಸಂಬಂಧಿಸಿದ್ದು. ಚೀಲದ ಹಿಂದೆ ತೆವಳುವ ಕೋಶಗಳ ಕಥೆ ಬೇರೆ. ಕೌನ್ಸೆಲರ್ ಎರಡನ್ನೂ ಒಂದೇ ಗಂಟಿಗೆ ಕಟ್ಟಿದ್ದಾರೆ.

ಎರಡನೇ ಪೊರೆ ಬಂದರೂ ಮನೆ ಮುಳುಗುವುದಿಲ್ಲ. ಯಾಗ್ ಲೇಸರ್‌ನಿಂದ ಕೆಲವೇ ನಿಮಿಷಗಳಲ್ಲಿ, ಕತ್ತರಿ ಹೊಲಿಗೆ ಏನೂ ಇಲ್ಲದೆ, ಹಿಂಗೋಡೆಯಲ್ಲಿ ಕಿಂಡಿ ತೆರೆಯುತ್ತಾರೆ. ಆ ಹೊತ್ತಿಗೆ ಕಣ್ಣಿನ ಒತ್ತಡ ಏರಬಹುದು, ಅಪರೂಪಕ್ಕೆ ಕಣ್ಣಿನ ಹಿಂಭಾಗದ ಪರದೆಯಾದ ರೆಟಿನಾಕ್ಕೆ ತೊಂದರೆಯಾಗಬಹುದು. ಆದ್ದರಿಂದ ಲೇಸರ್ ನಂತರದ ತಪಾಸಣೆ ತಪ್ಪಿಸಬಾರದು.

ನೀರು ಹಿಡಿಯುವ ಮಸೂರದ ಮೇಲೆ ಹೈಡ್ರೋಫೋಬಿಕ್ ಮೇಲ್ಮೈ ಇರುವ ಬಗೆಯ ಬಗ್ಗೆ ನಿಮ್ಮ ತಾಯಿಯವರ ಮಟ್ಟಿಗೆ ಒಂದು ಎಚ್ಚರಿಕೆ ಇದೆ. ಈ ಮಸೂರಗಳ ತೂಕದಲ್ಲಿ ನಾಲ್ಕನೇ ಒಂದು ಭಾಗದಷ್ಟು ನೀರೇ ಇರುವುದುಂಟು. ಬಾಗುತ್ತವೆ, ಸಣ್ಣ ಗಾಯದಲ್ಲಿ ಸಲೀಸಾಗಿ ಒಳಹೋಗುತ್ತವೆ, ಬೆಲೆಯೂ ಕಡಿಮೆ. ಆದರೆ ಕೆಲವು ಕಣ್ಣುಗಳಲ್ಲಿ ವರ್ಷಗಳ ನಂತರ ಇಂಥ ಮಸೂರದಲ್ಲಿ ಕ್ಯಾಲ್ಸಿಯಂ ಕೂತು ಅದು ಬೆಳ್ಳಗಾಗುತ್ತದೆ. ಮುಂದೆ ಕಣ್ಣಿನೊಳಗೆ ಗಾಳಿ ಅಥವಾ ಅನಿಲ ತುಂಬುವ ಶಸ್ತ್ರಚಿಕಿತ್ಸೆ ಆದವರಲ್ಲಿ ಈ ಅಪಾಯ ಹೆಚ್ಚು. ಸಕ್ಕರೆ ಕಾಯಿಲೆಯಿಂದ ರೆಟಿನಾ ಕೆಟ್ಟವರಿಗೆ ಅಂಥ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಹಾಗೆ ಬೆಳ್ಳಗಾದ ಮಸೂರಕ್ಕೆ ಯಾಗ್ ಲೇಸರ್ ಉಪಯೋಗವಿಲ್ಲ, ಮಸೂರವನ್ನೇ ಬದಲಿಸಬೇಕು, ಅದು ಸುಲಭದ ಕೆಲಸವಲ್ಲ. ಮೇಲ್ಮೈ ಮಾತ್ರ ಹೈಡ್ರೋಫೋಬಿಕ್ ಮಾಡಿದರೆ ಈ ಅಪಾಯ ತಪ್ಪುತ್ತದೆ ಎಂದು ನಂಬಬೇಡಿ. ಅಂಥ ಮಸೂರಗಳಲ್ಲೂ ಕ್ಯಾಲ್ಸಿಯಂ ಕೂತ ವರದಿಗಳಿವೆ. ‘ಹೈಡ್ರೋಫೋಬಿಕ್ ಕೋಟಿಂಗ್’ ಮತ್ತು ‘ಹೈಡ್ರೋಫೋಬಿಕ್ ಮಸೂರ’ ಎರಡೂ ಒಂದೇ ಅಲ್ಲ. ರಸೀದಿಯಲ್ಲಿ ಇವೆರಡೂ ಅದಲುಬದಲಾಗುವುದನ್ನು ನೋಡಿದ್ದೇನೆ.

ಹಾಗೆಂದು ಹೈಡ್ರೋಫೋಬಿಕ್ ಅಕ್ರಿಲಿಕ್‌ಗೆ ದೋಷವೇ ಇಲ್ಲ ಎಂದಲ್ಲ. ಕೆಲವದರಲ್ಲಿ ಕಾಲಕ್ರಮೇಣ ಸೂಕ್ಷ್ಮ ನೀರ್ಗುಳ್ಳೆಗಳು ಮಿನುಗುತ್ತವೆ, ಕೆಲವರಿಗೆ ಮೊದಲ ತಿಂಗಳುಗಳಲ್ಲಿ ಕಣ್ಣಿನ ಬದಿಯಲ್ಲಿ ನೆರಳೋ ಬೆಳಕಿನ ಗೆರೆಯೋ ಕಾಣುತ್ತದೆ. ಹೆಚ್ಚಿನವರಿಗೆ ಅದು ರೂಢಿಯಾಗಿಬಿಡುತ್ತದೆ.

ನಿಮ್ಮ ನೆರೆಮನೆಯವರ ಅನುಮಾನ ನನಗೆ ಇಷ್ಟವಾಯಿತು. ಮೇ ತಿಂಗಳಲ್ಲಿ 43, 44 ಡಿಗ್ರಿ ಕಾಣುವ ಊರಿನವರು ಹೀಗೆ ಯೋಚಿಸುವುದು ಸಹಜ. ಆದರೆ ಮಸೂರ ಇರುವುದು ಪಾಪೆಯ ಹಿಂದೆ, ದ್ರವದೊಳಗೆ. ಹೊರಗೆ ಎಷ್ಟೇ ಕಾದರೂ ಅಲ್ಲಿ ತಾಪ ದೇಹದ ತಾಪದ ಆಸುಪಾಸಿನಲ್ಲೇ ಇರುತ್ತದೆ. ಕನ್ನಡಕದ ಗಾಜಿನ ಮೇಲಿನ ಲೇಪನ ಬೆವರು, ಧೂಳು, ಸೀರೆಯ ಸೆರಗಿನ ತಿಕ್ಕಾಟಕ್ಕೆ ಸಿಕ್ಕಿ ಹೋಗುತ್ತದೆ. ಕಣ್ಣಿನೊಳಗಿನ ಮಸೂರವನ್ನು ಯಾರೂ ಸೆರಗಿನಿಂದ ಒರೆಸುವುದಿಲ್ಲ. ಬಿಸಿಲಿಗೆ ಕೋಟಿಂಗ್ ಸುಲಿಯುತ್ತದೆ ಎಂಬ ಭಯವನ್ನು ಬಿಟ್ಟುಬಿಡಿ.

ಬಿಸಿಲಿನ ನೆಪದಲ್ಲಿ ಹಳದಿ ಮಸೂರವನ್ನು ದುಬಾರಿಗೆ ಕೊಳ್ಳುವುದೂ ಬೇಡ. ನೇರಳಾತೀತ ಕಿರಣ ತಡೆಯುವ ಅಂಶ ಈಗ ಬಹುತೇಕ ಎಲ್ಲ ಮಸೂರಗಳ ವಸ್ತುವಿನಲ್ಲೇ ಬೆರೆತಿರುತ್ತದೆ. ಹಳದಿ ಬಣ್ಣ ನೀಲಿ ಬೆಳಕನ್ನು ಸ್ವಲ್ಪ ತಡೆಯುತ್ತದೆ, ಅದರಿಂದ ರೆಟಿನಾದ ನಡುಭಾಗವಾದ ಮ್ಯಾಕ್ಯುಲಾ ಉಳಿಯುತ್ತದೆ ಎಂದು ಹೇಳಲು ಗಟ್ಟಿ ಆಧಾರ ಸಿಕ್ಕಿಲ್ಲ. ಹಾನಿಯೂ ಇಲ್ಲ. ಬೇರೆ ಕಾರಣಕ್ಕೆ ಆರಿಸಿದ ಮಸೂರ ಹಳದಿ ಇದ್ದರೆ ಇರಲಿ. ಹೊಲಕ್ಕೆ ಹೋಗುವಾಗ ಒಂದು ಒಳ್ಳೆಯ ತಂಪು ಕನ್ನಡಕ, ತಲೆಯ ಮೇಲೆ ಸೆರಗು ಇದ್ದರೆ ಸಾಕು.

ನಮ್ಮ ಭಾಗದಲ್ಲಿ ಮೋತಿಬಿಂದು ಪೂರ್ತಿ ಬೆಳ್ಳಗಾದ ಮೇಲೆಯೇ ಆಸ್ಪತ್ರೆಗೆ ಬರುವವರು ಇಂದಿಗೂ ಬಹಳ. ಇಂಥವರಲ್ಲಿ ಫಲಿತಾಂಶ ಕೆಡಿಸುವುದು ಕೋಟಿಂಗ್‌ನ ಕೊರತೆಯಲ್ಲ, ಅಳತೆಯ ದೋಷ. ಮಸೂರದ ಪವರ್ ನಿರ್ಧರಿಸಲು ಕಣ್ಣಿನ ಉದ್ದ ಅಳೆಯುತ್ತಾರೆ. ಅದರಲ್ಲಿ 1 ಮಿಲಿಮೀಟರ್ ತಪ್ಪಿದರೆ ಕನ್ನಡಕದ ನಂಬರ್ ಸುಮಾರು 2.5ರಿಂದ 3ರಷ್ಟು ಏರುಪೇರಾಗುತ್ತದೆ. ಬೆಳಕಿನಿಂದ ಅಳೆಯುವ ಯಂತ್ರ ನಿಖರ, ಆದರೆ ಬಲಿತ ಪೊರೆಯನ್ನು ಆ ಬೆಳಕು ದಾಟುವುದಿಲ್ಲ. ಆಗ ಶಬ್ದದ ಅಲೆಗಳಿಂದ ಅಳೆಯುವ ಎ-ಸ್ಕ್ಯಾನ್ ಮಾಡಬೇಕು. ಅದನ್ನು ಮಾಡುವವರು ಕಣ್ಣಿನ ಮೇಲೆ ಸಾಧನವನ್ನು ತುಸು ಒತ್ತಿ ಹಿಡಿದರೂ ಅಳತೆ ತಪ್ಪುತ್ತದೆ. ಎರಡು ಕಣ್ಣಿನ ಅಳತೆಯಲ್ಲಿ ಬಹಳ ವ್ಯತ್ಯಾಸ ಬಂದರೆ ಮತ್ತೊಮ್ಮೆ ಅಳೆಯಲು ಕೇಳಿ. ಅದಕ್ಕೆ ಹೆಚ್ಚು ಹಣ ತಗಲುವುದಿಲ್ಲ.

ಹಣದ ವಿಷಯಕ್ಕೆ ಬಂದದ್ದರಿಂದ ಇದನ್ನೂ ಹೇಳಬೇಕು. ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ 1976ರಿಂದ ಇದೆ. ಮಧುರೈನ ಅರೋಲ್ಯಾಬ್ 1992ರಲ್ಲಿ ಮಸೂರ ತಯಾರಿಕೆ ಆರಂಭಿಸಿದ ಮೇಲೆ ನಮ್ಮ ದೇಶದಲ್ಲಿ ಮಸೂರದ ಬೆಲೆ ಇಳಿದು, ಬಡವರ ಕಣ್ಣಿಗೂ ಅದು ಬಂತು. ಶಿಬಿರದಲ್ಲಿ ಹಾಕುವ ಮಸೂರ ಎಂದು ಮೂಗು ಮುರಿಯುವವರಿಗೆ ನೇಪಾಳದ ಒಂದು ಅಧ್ಯಯನವನ್ನು ನೆನಪಿಸುತ್ತೇನೆ. 2007ರಲ್ಲಿ ಪ್ರಕಟವಾದ ಅದರಲ್ಲಿ ಯಂತ್ರದಿಂದ ಪೊರೆ ಒಡೆದು ತೆಗೆಯುವ ದುಬಾರಿ ಫೇಕೋ ಮತ್ತು ಕೈಯಿಂದ ಮಾಡುವ ಸಣ್ಣ ಗಾಯದ ಶಸ್ತ್ರಚಿಕಿತ್ಸೆ ಎರಡನ್ನೂ ಹೋಲಿಸಿದ್ದರು. ಆರು ತಿಂಗಳ ನಂತರ ಎರಡೂ ಗುಂಪಿನಲ್ಲಿ ನೂರಕ್ಕೆ 98 ಮಂದಿಗೆ, ಕನ್ನಡಕದ ಸಹಾಯದಿಂದ, ಒಳ್ಳೆಯ ದೃಷ್ಟಿ ಸಿಕ್ಕಿತ್ತು. ಕಲಬುರಗಿ, ಬೀದರ್, ಯಾದಗಿರಿ ಮೂರೂ ಕಡೆ ಈಗ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಹಣಕ್ಕೆ ಕಷ್ಟವಾದರೆ ಅಲ್ಲಿ ವಿಚಾರಿಸಿ.

ಈಗ ನಿಮ್ಮ ತಾಯಿಯವರ ಕಣ್ಣಿನ ಮಾತು. ಯುವಿಯೈಟಿಸ್ ಆಗಿದ್ದ ಕಣ್ಣು ಕನಿಷ್ಠ ಮೂರು ತಿಂಗಳಾದರೂ ಉರಿಯೂತವಿಲ್ಲದೆ ಶಾಂತವಾಗಿರಬೇಕು. ಅದನ್ನು ಸ್ಲಿಟ್ ಲ್ಯಾಂಪಿನಲ್ಲಿ ನೋಡಿ ಖಚಿತಪಡಿಸಬೇಕು, ನೋವಿಲ್ಲ ಎಂಬ ರೋಗಿಯ ಮಾತು ಸಾಲದು. ಅಂದು ಕಾರಣ ಏನಿತ್ತು, ಕ್ಷಯವೋ ಹರ್ಪಿಸ್ ಎಂಬ ವೈರಸ್ಸೋ ಮತ್ತೇನೋ ಎಂದು ಪರೀಕ್ಷೆ ಆಗಿತ್ತೇ ನೋಡಿ. ಹರ್ಪಿಸ್ ಆಗಿದ್ದರೆ ಆಪರೇಷನ್ ವೇಳೆ ಅದಕ್ಕೆ ಮಾತ್ರೆಯ ರಕ್ಷಣೆ ಬೇಕಾಗುತ್ತದೆ. ಆಪರೇಷನ್‌ಗೆ ಮುಂಚೆ ರೆಟಿನಾ ಪರೀಕ್ಷೆ ಆಗಬೇಕು. ಪೊರೆ ದಟ್ಟವಾಗಿ ಹಿಂದಿನದು ಕಾಣದಿದ್ದರೆ ಶಬ್ದದ ಅಲೆಗಳಿಂದ ಹಿಂಭಾಗವನ್ನು ನೋಡುವ ಬಿ-ಸ್ಕ್ಯಾನ್ ಮಾಡುತ್ತಾರೆ. ಆಪರೇಷನ್ ಆದ ಮೇಲೆ ಸಕ್ಕರೆ ಕಾಯಿಲೆಯವರಿಗೆ ಮ್ಯಾಕ್ಯುಲಾದಲ್ಲಿ ನೀರು ತುಂಬಿಕೊಳ್ಳುವುದುಂಟು, ಆದ್ದರಿಂದ ಕೆಲವು ವಾರಗಳ ನಂತರ ಓಸಿಟಿ ಎಂಬ ರೆಟಿನಾದ ಸ್ಕ್ಯಾನ್ ಮಾಡಿಸುವುದು ಒಳ್ಳೆಯದು. ಸ್ಟೀರಾಯ್ಡ್ ಹನಿಯನ್ನು ವೈದ್ಯರು ಹೇಳಿದಂತೆ ಹಂತಹಂತವಾಗಿ ಇಳಿಸಬೇಕು. ಕಣ್ಣು ತಿಳಿಯಾಯಿತೆಂದು ಹತ್ತನೇ ದಿನಕ್ಕೆ ಹನಿ ನಿಲ್ಲಿಸಿಬಿಡುವುದು ನಮ್ಮಲ್ಲಿ ತೀರಾ ಸಾಮಾನ್ಯ; ಉರಿಯೂತದ ಇತಿಹಾಸ ಇರುವವರಿಗೆ ಅದು ದುಬಾರಿಯಾಗುತ್ತದೆ.

ಮಸೂರವನ್ನು ನಾನು ಆರಿಸುವುದಾದರೆ ಚೌಕ ಅಂಚಿನ, ಒಂದೇ ದೂರಕ್ಕೆ ಹೊಂದಿಸಿದ, ಪೂರ್ತಿ ಹೈಡ್ರೋಫೋಬಿಕ್ ಅಕ್ರಿಲಿಕ್ ಮಸೂರವನ್ನು ಆರಿಸುತ್ತೇನೆ. ಅಂಥದ್ದೇ ಮಸೂರದ ಮೇಲೆ ಹೆಪಾರಿನ್ ಪದರವೂ ಇದ್ದು, ವ್ಯತ್ಯಾಸದ ಹಣ ನಿಮಗೆ ಭಾರವಲ್ಲದಿದ್ದರೆ, ಹೆಪಾರಿನ್‌ನ ಮೂಲದ ಬಗ್ಗೆ ಮನೆಯಲ್ಲಿ ಆಕ್ಷೇಪವಿಲ್ಲದಿದ್ದರೆ ಹಾಕಿಸಬಹುದು. ಹೈಡ್ರೋಫಿಲಿಕ್ ಮಸೂರದ ಮೇಲಿನ ಕೋಟಿಂಗ್‌ಗಾಗಿ ಹೆಚ್ಚು ಹಣ ಕೊಡಬೇಡಿ. ಅದಕ್ಕಿಂತ ಕೋಟಿಂಗ್ ಇಲ್ಲದ ಹೈಡ್ರೋಫೋಬಿಕ್ ಲೇಸು. ದೂರಕ್ಕೂ ಹತ್ತಿರಕ್ಕೂ ಕನ್ನಡಕ ಬೇಡವೆನ್ನುವ ಮಲ್ಟಿಫೋಕಲ್ ಮಸೂರವನ್ನು ಯಾರಾದರೂ ಮುಂದಿಟ್ಟರೆ ಈ ಕಣ್ಣಿಗೆ ಬೇಡವೆನ್ನಿ. ರೆಟಿನಾ ಕೆಡುವ ಸಂಭವ ಇರುವಲ್ಲಿ ಅದು ಇರುವ ದೃಷ್ಟಿಯ ಸ್ಪಷ್ಟತೆಯನ್ನೂ ತಗ್ಗಿಸುತ್ತದೆ.

ಮಸೂರದ ಡಬ್ಬಿಯೊಳಗೆ ಅಂಟಿಸುವ ಚೀಟಿಗಳಿರುತ್ತವೆ. ಮಾಡೆಲ್, ಪವರ್, ಸೀರಿಯಲ್ ನಂಬರ್, ಅವಧಿ ಮುಗಿಯುವ ದಿನಾಂಕ ಎಲ್ಲ ಅದರಲ್ಲಿ ಇರುತ್ತದೆ. ಒಂದು ಆಸ್ಪತ್ರೆಯ ಕಡತಕ್ಕೆ, ಒಂದು ನಿಮ್ಮ ಡಿಸ್ಚಾರ್ಜ್ ಚೀಟಿಗೆ. ನೀವು ಹಣ ಕೊಟ್ಟ ಮಸೂರವೇ ಒಳಗೆ ಹೋಗಿದೆ ಎಂಬುದಕ್ಕೆ ಅದೇ ದಾಖಲೆ. ಮೊಬೈಲಿನಲ್ಲಿ ಅದರ ಫೋಟೋ ತೆಗೆದಿಟ್ಟುಕೊಳ್ಳಿ, ಎಡಗಣ್ಣಿನ ಆಪರೇಷನ್ ಹೊತ್ತಿಗೆ ಬೇಕಾಗುತ್ತದೆ. ಎರಡೂ ಕಣ್ಣಿಗೆ ಒಂದೇ ಕಂಪನಿಯದು ಇರಲೇಬೇಕೆಂಬ ನಿಯಮ ಏನಿಲ್ಲ. ಆದರೆ ಮೊದಲ ಕಣ್ಣಿನಲ್ಲಿ ನಂಬರ್ ಎಷ್ಟು ಉಳಿಯಿತು ಎಂದು ನೋಡಿ ಎರಡನೆಯದರ ಲೆಕ್ಕ ತಿದ್ದಿಕೊಳ್ಳಲು ಆ ಚೀಟಿ ನೆರವಾಗುತ್ತದೆ.

ಚಳಿಗಾಲದಲ್ಲೇ ಮಾಡಿಸಬೇಕೇ ಎಂದು ನೀವು ಕೇಳಿಲ್ಲ, ಆದರೆ ಮನೆಯ ಹಿರಿಯರು ಕೇಳುತ್ತಾರೆ. ಹಾಗೇನೂ ಇಲ್ಲ. ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿ ನಡೆಯುವಾಗ ಮಾಡಿಸಿದರೆ ಮಾತ್ರ ತಾಯಿಯವರನ್ನು ಒಂದು ತಿಂಗಳಾದರೂ ಕಣದ ಕಡೆ ಬಿಡಬೇಡಿ.